ಹೊಳೆಪ್ಪ ಖಾಲಿ ಬಿಟ್ಟ ಅರ್ಧ ಪುಟ

ಮಂಗೋರ್ ಹಿಲ್ಲಿನ ಮಹಾಜನಗಳೇ, ಬಂದರಿನ ನನ್ನ ಗ್ಯಾಂಗಿನ ಅಣ್ಣತಮ್ಮಂದಿರೇ, ಮೆಟ್ಟಿಲ ಮೇಲೆ ನಿಂತಿರುವ ತಾಯಂದಿರೇ — ಒಳಗೆ ಜಾಗವಿದೆ, ಬನ್ನಿ, ಕುಳಿತುಕೊಳ್ಳಿ. ಮುಂದಿನ ಸಾಲಿನಲ್ಲಿರುವ ಚಂದವ್ವ ಅಕ್ಕಾ, ಅಕ್ಕನ ಮಗಳೇ ಗೀತಾಂಜಲಿ — ನಿಮ್ಮಿಬ್ಬರಿಗೂ ಮೊದಲು ಕೈಮುಗಿಯುತ್ತೇನೆ.

ಕೇಶಪ್ಪ ಮಾತಾಡುತ್ತಾನೆಂದ ಮೇಲೆ ಮೈಕು ಯಾಕೆ ಎಂದು ನಮ್ಮ ಕನ್ನಡ ಸಂಘದವರು ಮೈಕು ತರಲೇ ಇಲ್ಲ. ಸರಿಯೇ. ಅಪ್ಪನ ನಾಟಕ ಕಂಪನಿಯ ಪರದೆಯ ಹಿಂದೆ ಹುಟ್ಟಿ, ಆರನೆಯ ವರ್ಷಕ್ಕೆ ಬಣ್ಣ ಹಚ್ಚಿದವನು ನಾನು. ಕೊನೆಯ ಸಾಲಿನ ಚಾಪೆಗೂ ಮಾತು ಮುಟ್ಟಬೇಕು ಎಂದೇ ಕಲಿತವನು. ಮೆಲ್ಲಗೆ ಮಾತಾಡುವುದನ್ನು ನನಗೆ ಕಲಿಸಲು ನೋಡಿದವನು ಒಬ್ಬನೇ. ಅವನ ಫೋಟೋಕ್ಕೆ ಈಗಷ್ಟೇ ಹಾರ ಹಾಕಿದೆವು.

ಹೊಳೆಪ್ಪ — ಇಪ್ಪತ್ತೆರಡು ವರ್ಷ ಗೋವಾದ ಈ ಮುರ್ಮುಗಾಂವ್ ಬಂದರಿನಲ್ಲಿ ಸಿಗ್ನಲ್‌ಮನ್. ಹಡಗಿನ ಅಂಚಿನಲ್ಲಿ ನಿಂತು ಕ್ರೇನಿನವನಿಗೆ ಕೈಸನ್ನೆ ಮಾಡುವ ಕೆಲಸ. ಹೀಗೆ ಎತ್ತಿದರೆ ಮೇಲೆ. ಹೀಗೆ ಇಳಿಸಿದರೆ ಕೆಳಗೆ. ಹೀಗೆ ಮುಷ್ಟಿ ಹಿಡಿದರೆ — ಎಲ್ಲವೂ ನಿಲ್ಲಬೇಕು. ಕೆಳಗೆ ಹಡಗಿನ ಹೊಟ್ಟೆಯಲ್ಲಿ ನಾವು ಎಂಟು ಮಂದಿ, ನಮ್ಮ ತಲೆಯ ಮೇಲೆ ಟನ್ನುಗಟ್ಟಲೆ ಕಬ್ಬಿಣ. ಅಷ್ಟು ವರ್ಷದಲ್ಲಿ ನಮ್ಮಲ್ಲಿ ಒಬ್ಬನ ಬೆರಳೂ ಹೋಗಲಿಲ್ಲ. ಕಳೆದ ಮಂಗಳವಾರ ಮಧ್ಯಾಹ್ನ ಅದೇ ಅಂಚಿನಲ್ಲಿ ಎದೆ ಹಿಡಿದುಕೊಂಡು ಕುಸಿದನಲ್ಲ — ಕುಸಿಯುವ ಮೊದಲು ಮುಷ್ಟಿ ತೋರಿಸಿ ಕ್ರೇನು ನಿಲ್ಲಿಸಿದ್ದ. ನಾವು ಕೆಳಗಿದ್ದೆವು.

ಅವನ ಇನ್ನೊಂದು ಬದುಕು ನಿಮಗೆಲ್ಲ ಗೊತ್ತು. ಗೊತ್ತು ಅಂದುಕೊಂಡಿದ್ದೀರಿ.

ಎರಡು ಸಾವಿರದ ಎರಡರಲ್ಲಿ ಒಂದು ಹಡಗು ಎಂಜಿನ್ ಕೆಟ್ಟು ತಿಂಗಳುಗಟ್ಟಲೆ ನಮ್ಮಲ್ಲಿ ನಿಂತಿತ್ತು. ಅದರ ಎಂಜಿನಿಯರ್ ಇಂಗ್ಲೆಂಡಿನ ಮುದುಕ. ಭಾನುವಾರ ಬಂತೆಂದರೆ ಡೆಕ್ಕಿನ ಮೇಲೆ ಕುರ್ಚಿ ಹಾಕಿಕೊಂಡು ಒಂದು ತಾಸು ಸುಮ್ಮನೆ ಕೂಡುತ್ತಿದ್ದ. ಜಪವಿಲ್ಲ, ಹಾಡಿಲ್ಲ. "ಸಾಹೇಬಗ ಬಿಸಲು ನೆತ್ತಿಗೇರೇತಿ" ಎಂದು ನಾನು ನಕ್ಕೆ. ಹೊಳೆಪ್ಪ ಹೋಗಿ ಪಕ್ಕದಲ್ಲಿ ಕುಳಿತ. ಹಡಗು ಹೊರಡುವ ದಿನ ಮುದುಕ ಒಂದು ಸಣ್ಣ ಪುಸ್ತಕ ಕೊಟ್ಟು ಹೋದ. ಆಗ ಹೈಸ್ಕೂಲಿನಲ್ಲಿದ್ದ ಗೀತಾಂಜಲಿ ದಿನಕ್ಕೊಂದು ಪುಟ ಓದಿ ಅಪ್ಪನಿಗೆ ಕನ್ನಡದಲ್ಲಿ ಹೇಳಿದಳು.

ಮುದುಕನದು ಕ್ವೇಕರರು ಎಂಬ ಪಂಥ. ಕ್ರಿಸ್ತನ ದಾರಿಯೇ, ಆದರೆ ಪಾದ್ರಿಯಿಲ್ಲ, ನೀರಿನ ದೀಕ್ಷಾಸ್ನಾನವಿಲ್ಲ. ಎಲ್ಲರ ಒಳಗೂ ಒಂದು ಬೆಳಕಿದೆ, ಕೂಡಿ ಸುಮ್ಮನೆ ಕುಳಿತರೆ ಅದು ಕಾಣುತ್ತದೆ. ಸುಳ್ಳಾಡಬಾರದು, ಹೊಡೆದವನಿಗೆ ತಿರುಗಿ ಹೊಡೆಯಬಾರದು. ಅಂದಿನಿಂದ ಹೊಳೆಪ್ಪನ ಖೋಲಿಯಲ್ಲಿ ಭಾನುವಾರ ಬೆಳಿಗ್ಗೆ ನಾಲ್ಕು ಜನ ಕೂಡತೊಡಗಿದರು. ಚಂದವ್ವ ಅಕ್ಕಾ, ನೀವು ಗಂಡನಿಗೆ ಅಂದದ್ದು ನೆನಪಿದೆ — "ಸುಮ್ಮನ ಕುಂಡ್ರೂದ ಪೂಜಿ ಅಂದ್ರ, ನಮ್ಮನಿ ಬೆಕ್ಕು ನಿಮ್ಮಕಿಂತ ದೊಡ್ಡ ಭಕ್ತ ಆತಲ್ರಿ." ಅವನು ನಕ್ಕು, "ಅದನ್ನೂ ಒಳಗ ಕರಿ" ಅಂದಿದ್ದ.

ಅದು ರೂಪಲಪ್ಪನಿಗೆ ಸರಿಬರಲಿಲ್ಲ. ನಮ್ಮ ಕಡೆಯವನೇ, ಗಾರೆ ಕೆಲಸದ ಗೌಂಡಿ. ಮೇಲಿನ ಓಣಿಯ ಪ್ರಾರ್ಥನಾ ಮನೆಯ ಹಿರಿಯ. ಕುಡಿತ ಬಿಡಿಸಿ ಎಷ್ಟು ಮನೆ ಉಳಿಸಿದ್ದಾನೆ, ಲೆಕ್ಕವಿಲ್ಲ. ನಂಬಿ ಬಂದವರನ್ನು ಬಾಯ್ಣಾದ ಕಡಲಿನಲ್ಲಿ ಮುಳುಗಿಸಿ ದೀಕ್ಷೆ ಕೊಡುತ್ತಿದ್ದ. ಅವನೊಂದು ಕರಪತ್ರ ಹಾಕಿಸಿದ — ನೀರಿಲ್ಲದೆ ಹೊಸ ಜನ್ಮವಿಲ್ಲ. ಹುಟ್ಟಿದ ಕೂಸಿಗೆ ನೀರು ಹಾಕದೆ ಯಾವ ತಾಯಿ ಮಡಿಲಿಗೆ ತಗೊಳ್ಳುತ್ತಾಳೆ? ಹೊಳೆಪ್ಪ ಉತ್ತರ ಹಾಕಿಸಿದ — ನೀರು ಹಾಕಿಸಿಕೊಂಡವರ ಮೇಲೆ ನನಗೆ ಮುನಿಸಿಲ್ಲ. ಒಳಗೆ ತೊಯ್ದವನನ್ನು ಒಣಗಿದವನೆಂದು ಕರೆಯಬೇಡಿರಿ, ಅಷ್ಟೇ ನನ್ನ ಕೇಳಿಕೆ. ಮತ್ತೆ ಅವನು. ಮತ್ತೆ ಇವನು. ಮೀರಾಸಾಬನ ಚಾದಂಗಡಿಯ ಬೆಂಚು ಹತ್ತಿ ಎರಡೂ ಕಡೆಯದನ್ನು ಓದುತ್ತಿದ್ದವನು ನಾನು. ರೂಪಲಪ್ಪನಿಗೆ ಒಂದು ಕಂಠ, ಹೊಳೆಪ್ಪನಿಗೆ ಒಂದು ಕಂಠ. ಮೀರಾಸಾಬ ಅನ್ನುತ್ತಿದ್ದ — "ಕೇಶಪ್ಪಣ್ಣಾ, ಇಬ್ಬರೂ ಮೆಲ್ಲಕ ಬರದಾರ. ನೀ ಯಾಕ ಒದರಾಕತ್ತಿ?"

ಅದಕ್ಕೇ ಉತ್ತರ ಹೇಳಲು ಇಂದು ನಿಂತಿದ್ದೇನೆ.

ಎರಡು ಸಾವಿರದ ನಾಲ್ಕು. ಹೊಳೆಪ್ಪನ ಮೂರನೆಯ ಕರಪತ್ರ. ಗೋವಾದಲ್ಲಿ ಕನ್ನಡ ಅಚ್ಚು ಹಾಕುವವರು ನಮಗೆ ಸಿಕ್ಕಿರಲಿಲ್ಲ, ಹುಬ್ಬಳ್ಳಿಗೆ ಹೋಗಬೇಕು. ಸಂಘದ ನಾಟಕಕ್ಕೆ ಗಡ್ಡ, ಕಿರೀಟ ತರಲು ಹೊರಟಿದ್ದೆ. ಅವನ ಬರಹವನ್ನೂ ಒಯ್ದೆ. ಅಚ್ಚಿನ ಮನೆಯವ ಮೊಳೆ ಜೋಡಿಸಿ ಕರಡು ತೋರಿಸಿದ — ಕೊನೆಯ ಅರ್ಧ ಪುಟ ಖಾಲಿ. ಹೊಳೆಪ್ಪನೇ ಅಲ್ಲಿ ಗೆರೆ ಎಳೆದು ಬರೆದಿದ್ದ: 'ಇಲ್ಲಿ ಏನೂ ಹಾಕಬಾರದು.' ಅಚ್ಚಿನವ, "ಕಾಗದ ದಂಡ ಆಗ್ತೈತ್ರಿ" ಅಂದ. ನನಗೂ ಹಾಗೇ ಅನ್ನಿಸಿತು. ನಾಟಕದವನಿಗೆ ಖಾಲಿ ರಂಗ ಕಂಡರೆ ಕಾಲು ನಿಲ್ಲುವುದಿಲ್ಲ. ಗೆಳೆಯ ಸೋಲಬಾರದು ಎಂದು ಅಲ್ಲೇ ನಿಂತು ನಾಲ್ಕು ಸಾಲು ಹೇಳಿ ಬರೆಸಿದೆ.

ಆ ಸಾಲುಗಳು ನಿಮಗೆ ಬಾಯಿಪಾಠ. ನೀರಲ್ಲಿ ಮುಳುಗಿದವರಿಗೆಲ್ಲ ಮೋಕ್ಷವಾದರೆ ಬಾಯ್ಣಾದ ಬಂಗಡೆ ಮೀನುಗಳೇ ಮೊದಲು ಸ್ವರ್ಗಕ್ಕೆ ಹೋಗಬೇಕು. ರೂಪಲಪ್ಪ ಹೆತ್ತ ತಾಯಿಯನ್ನೂ ಮುಳುಗಿಸಿ ತೆಗೆದ. ಪಾಪ ಹೋಯಿತೋ ಇಲ್ಲವೋ, ನೆಗಡಿ ಮಾತ್ರ ಬಂತು.

ಅವು ಹೊಳೆಪ್ಪ ಬರೆದದ್ದಲ್ಲ. ನಾನು.

— ತಡೆಯಿರಿ, ಪೂರ್ತಿ ಹೇಳಿಬಿಡುತ್ತೇನೆ.

ಅಂದು ರೂಪಲಪ್ಪನ ತಾಯಿ ಸೋಮಿಬಾಯಿಗೆ ಇದ್ದದ್ದು ನೆಗಡಿಯೇ. ನಾನು ಕರಪತ್ರ ಹೊತ್ತು ಬಂದು, ಹೊಳೆಪ್ಪನಿಗೂ ತೋರಿಸದೆ ಬಸ್‌ಸ್ಟ್ಯಾಂಡಿನಲ್ಲೇ ಹಂಚಿದೆ. ಎರಡು ದಿನಕ್ಕೆ ಆಕೆಗೆ ಎದೆಯಲ್ಲಿ ಕಫ ಕಟ್ಟಿತು. ಐದನೆಯ ದಿನ ತೀರಿಕೊಂಡರು. ಓಣಿಯ ಕೈಕೈಯಲ್ಲಿ ಆ ಕಾಗದ, ಕೆಳಗೆ ಹೊಳೆಪ್ಪನ ಹೆಸರು.

ಹೊಳೆಪ್ಪ ಅದನ್ನು ನಿಂತೇ ಓದಿದ. ನನ್ನನ್ನು ಬೈಯಲಿಲ್ಲ. "ಆ ಜಾಗಾ ಓದವರದಿತ್ತಪಾ ಕೇಶಪ್ಪ" ಅಂದ. "ಓದಿ ಆದಮ್ಯಾಲ ಒಂದೀಟು ಸುಮ್ಮನ ಕುಂಡ್ರಲಿ ಅಂತ ಬಿಟ್ಟಿದ್ದೆ."

ಸತ್ತ ಮನೆಗೆ ಅವನು ಹೋದ. ಚಂದವ್ವ ಅಕ್ಕನೂ ಹೋದರು. ನಾನು ಮೂರು ಮೆಟ್ಟಿಲು ಕೆಳಗೆ ನಿಂತೆ. ರೂಪಲಪ್ಪ ಬಾಗಿಲಲ್ಲಿ ಅಡ್ಡ ನಿಂತು ಕಾಗದ ಹಿಡಿದು ಕೇಳಿದ — "ಹೆಸರು ನಿಂದ ಹೌದಲ್ಲ?"

"ಹೌದು."

"ನಮ್ಮವ್ವನ ಮ್ಯಾಲಿನ ಮಾತು ನೀನ ಬರದೀಯೇನು?"

ಹೊಳೆಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ನಿಮ್ಮವ್ವಗ ಅವಮಾನ ಆಗೇತಿ. ತಪ್ಪಾತು ಅನ್ನಾಕ ಬಂದೇನಿ" ಎಂದು ತಲೆ ಬಾಗಿಸಿದ.

"ಹಂಗಾರ ಬಂದ ದಾರಿ ಹಿಡಿ."

ಅಕ್ಕಾ, ನೀವೂ ಸೋಮಿಬಾಯಿಯೂ ದಿನಾ ನಳದ ಪಾಳಿಯಲ್ಲಿ ಒಬ್ಬರ ಕೊಡ ಒಬ್ಬರು ಕಾಯುತ್ತಿದ್ದಿರಿ. ಅವರ ಮುಖ ನೋಡಲು ನಿಮ್ಮನ್ನು ಬಿಡಲಿಲ್ಲ. ಮುಂದೆ ಹೆಂಗಸರು ನಿಮ್ಮ ಕೊಡ ಕಂಡರೆ ತಮ್ಮ ಕೊಡ ಸರಿಸುತ್ತಿದ್ದರು. ಅದೆಲ್ಲ ನನ್ನ ಕಣ್ಣೆದುರಿಗೇ ನಡೆಯಿತು. ಮಂಗೋರ್ ಹಿಲ್ಲಿನ ಅತಿ ದೊಡ್ಡ ಬಾಯಿ ಮುಚ್ಚಿಕೊಂಡೇ ಇತ್ತು.

ಒಮ್ಮೆ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಕೇಳಿದೆ — "ನನ್ನ ಹೆಸರು ಹೇಳಿಬಿಡಬೇಕಿತ್ತು, ಯಾಕ ಹೇಳಲಿಲ್ಲೋ?" ರೊಟ್ಟಿ ಮುರಿದು ಅರ್ಧ ನನ್ನ ಕಡೆ ಸರಿಸಿದ. "ನಾ ಹೇಳಿದ್ರ ನೀ ಸಿಕ್ಕಬಿದ್ದಂಗ ಆಗ್ತೈತಿ. ನೀ ಹೇಳಿದ್ರ ನೀ ಹೇಳಿದಂಗ ಆಗ್ತೈತಿ. ನಾ ಕಾಯ್ತೇನಿ."

ಏಳು ವರ್ಷ ಕಾದ, ಮಹಾಜನಗಳೇ. ಆ ಏಳು ವರ್ಷವೂ ಸಂಘದ ನಾಟಕದಲ್ಲಿ ಸತ್ಯವಂತ ರಾಜನ ಪಾರ್ಟು ನನಗೇ. ಮುಂದಿನ ಸಾಲಿನಲ್ಲಿ ಕುಳಿತು ಅವನು ಚಪ್ಪಾಳೆ ಹೊಡೆಯುತ್ತಿದ್ದ — ಕುಹಕದಿಂದಲ್ಲ, ಮನಸಾರೆ. ಅದೇ ನನ್ನನ್ನು ತಿಂದದ್ದು. ನಾಳೆ ಹೇಳೋಣ, ದೀಪಾವಳಿ ಕಳೆಯಲಿ, ರೂಪಲಪ್ಪನ ಸಿಟ್ಟು ಇಳಿಯಲಿ ಎನ್ನುತ್ತ ದಿನ ದೂಡಿದೆ. ಮಂಗಳವಾರ ದೂಡಲು ದಿನವೇ ಉಳಿಯಲಿಲ್ಲ.

ಚಂದವ್ವ ಅಕ್ಕಾ, "ಯಾಕ ಬರದ್ರಿ ಅಂಥಾ ಮಾತು" ಎಂದು ನೀವು ಅವನನ್ನು ಕೇಳಿದ್ದಿರಂತೆ. ಅವನು ನಿಮಗೂ ಹೇಳಲಿಲ್ಲ. ನಿಮ್ಮ ಗಂಡ ಅದನ್ನು ಬರೆಯಲಿಲ್ಲ, ಅಕ್ಕಾ. ಗೀತಾಂಜಲಿ, ನಿಮ್ಮಪ್ಪ ಯಾರ ತಾಯಿಯನ್ನೂ ಹೀಯಾಳಿಸಿದವನಲ್ಲ. ನೀವಿಬ್ಬರೂ ಇಂದೇ ನನ್ನನ್ನು ಕ್ಷಮಿಸಬೇಕೆಂದು ಕೇಳುವುದಿಲ್ಲ. ಬೇಡ, ಕಣ್ಣೊರೆಸಿಕೊಳ್ಳುವುದೂ ಬೇಡ. ಅಳು ಬರಲಿ.

ಈಗ ದಯವಿಟ್ಟು ಎಲ್ಲರೂ ಏಳಿ. ವಯಸ್ಸಾದವರು ಕುಳಿತೇ ಇರಿ, ಹೊಳೆಪ್ಪ ಬೇಸರ ಮಾಡಿಕೊಳ್ಳುವವನಲ್ಲ. ಸಂಘದವರು ಎರಡು ನಿಮಿಷ ಮೌನ ಎಂದು ಬರೆದುಕೊಟ್ಟಿದ್ದಾರೆ. ಗಡಿಯಾರ ನೋಡುವುದು ಬೇಡ. ಅಕ್ಕ ಯಾವಾಗ ಕೂಡುತ್ತಾರೋ ಆಗ ಕೂಡೋಣ.

ರೂಪಲಪ್ಪ ಇಂದು ಇಲ್ಲಿಗೆ ಬಂದಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ನಾಳೆ ಬೆಳಿಗ್ಗೆ, ಅವನು ಕರಣಿ ಹಿಡಿದು ಕೆಲಸಕ್ಕೆ ಹೊರಡುವ ಮೊದಲು, ನಾನು ಅವನ ಬಾಗಿಲು ಬಡಿದು, ಅವನ ತಾಯಿಯ ಮೇಲಿನ ಆ ಮಾತು ಬರೆದವನು ಕೇಶಪ್ಪ ಎಂದು ಹೇಳುತ್ತೇನೆ.