ಫೈನ್ ಅಂದ್ರೆ ಫೈನ್

ಇಂಗ್ಲೆಂಡಿನ ಲೀಡ್ಸ್‌ನ ಒಂದು ಕ್ಲಿನಿಕ್‌ನಲ್ಲಿ ವಯಸ್ಸಾದ ಅಕ್ಕತಂಗಿಯರಿಬ್ಬರು ಸರದಿ ಕಾಯುತ್ತಿದ್ದರು. ಎದುರಿಗೆ ಕೂತಿದ್ದ ನಾರ್ಮನ್ ಎಂಬ ಇನ್ನೊಬ್ಬ ರೋಗಿಯ ಕಣ್ಣು ಪೇಪರಿನಲ್ಲಿತ್ತು, ಕಿವಿ ಅವರತ್ತ.

“ನರ್ಸ್ ಹೇಗಿದ್ದೀರಿ ಅಂತ ಕೇಳಿದ್ರೆ ಏನಂತೀಯಕ್ಕ?” ಎಂದಳು ತಂಗಿ ವಿನಿ.

“ಫೈನ್ ಅಂತೀನಿ.”

“ಹೋದ್ಸಲಾನೂ ಹಂಗಂದೇ ವಾಪಸ್ ಬಂದೆ. ಎದೆನೋವಿನ ಮಾತೇ ಎತ್ತಲಿಲ್ಲ.”

“ಕೇಳಿದೋರ ಮುಂದೆಲ್ಲ ಗೋಳು ಹೇಳ್ಕೊಳ್ಳೋಕಾಗುತ್ತಾ? ಮರ್ಯಾದೆ ಬೇಡ್ವಾ?”

“ನೋಡು, ಇವತ್ತು ಫೈನ್ ಅಂದ್ರೆ ನಾನು ಫೈನ್ ಹಾಕ್ತೀನಿ. ವಾರವಿಡೀ ಪಾತ್ರೆ ತೊಳೆಯೋದು ನೀನೇ.”

ನರ್ಸ್ ಬಾಗಿಲು ತೆರೆದಳು. “ಹೇಗಿದ್ದೀರಿ, ಈನಿಡ್?”

ಅಕ್ಕ ಎದ್ದು ನಿಂತು ತುಟಿ ಕಚ್ಚಿದಳು. ಆಮೇಲೆ ಗಟ್ಟಿಯಾಗಿಯೇ ಹೇಳಿದಳು: “ಮೆಟ್ಟಿಲು ಹತ್ತಿದ್ರೆ ಎದೆ ಹಿಂಡಿದ ಹಾಗಾಗುತ್ತಮ್ಮ.”

“ಫೈನ್, ಬನ್ನಿ ಒಳಗೆ,” ಎಂದಳು ನರ್ಸ್, ಕೈಲಿದ್ದ ಪಟ್ಟಿಯಿಂದ ತಲೆಯೆತ್ತದೆ.

“ಫೈನ್ ಅಂದಿದ್ದು ನರ್ಸು, ಪಾತ್ರೆ ಇವಳೇ ತೊಳೀಲಿ,” ಎನ್ನುತ್ತ ವಿನಿ ಅಕ್ಕನ ತೋಳು ಹಿಡಿದು ತಾನೂ ಒಳಗೆ ನಡೆದಳು.