ಎಡೆ ಮೇಲಿನ ಬಾಟ್ಲಿ

...ನಗಬೇಡ ಅನು, ನಿಮ್ಮಪ್ಪ ನಕ್ಕ ಅಂತ ನೀನೂ ನಗಬೇಡ. ಇನ್ನೊಂದ್ಸಲ ಓದು ನಿನ್ನ ಹಿಸ್ಟರಿ ಪ್ರಾಜೆಕ್ಟು. ನೂರು ವರ್ಷದ ಹಿಂದೆ ಅಮೇರಿಕಾದಲ್ಲಿ ಇಡೀ ದೇಶಕ್ಕೇ ಕುಡಿತ ಬಂದ್ ಮಾಡಿದ್ರಲ್ಲ, ಯಾಕೆ ಅಂತ. ಚರ್ಚ್‌ನೋರು ಹೇಳಿದ್ರು, ಸರಿ. ಕುಡಿದು ಬಂದ್ರೆ ಕೆಲಸ ಕೆಡುತ್ತೆ ಅಂತ ಫ್ಯಾಕ್ಟರಿ ಓನರ್‌ಗಳು ಹೇಳಿದ್ರು, ಸರಿ. ಯುದ್ಧದ ಟೈಮು, ಧಾನ್ಯ ಉಳಿಸ್ಬೇಕಿತ್ತು, ಅದೂ ಸರಿ. ಎಲ್ಲಾ ಆದ್ಮೇಲೆ ಕೊನೇಲಿ ಒಂದು ಲೈನು, ಹೆಂಗಸರೂ ಇದ್ರು ಅಂತ. ಇದ್ರು! ಮದುವೆ ಮನೇಲಿ ಊಟಕ್ಕೆ ಬಂದೋರ ಥರ. ಅದಕ್ಕೆ ನಿಮ್ಮಪ್ಪ ಏನಂದ? "ಕೆಲಸ ಇಲ್ದಿರೋ ಹೆಂಗಸರು, ಗಂಡಸರು ಖುಷಿಯಾಗಿದ್ರೆ ಆಗಲ್ಲ." ಅಂದ್ಬಿಟ್ಟು ಒಳಗೆ ಹೋಗಿ ನಿಮ್ಮ ತಾತನ ಫೋಟೋ ಮುಂದೆ ಎಡೆಗೆ ವಿಸ್ಕಿ ಬಾಟ್ಲಿ ಇಟ್ಟ. ಮಹಾಲಯ ಅಮಾವಾಸ್ಯೆ, ಸತ್ತೋರಿಗೆ ಇಷ್ಟ ಆಗಿದ್ದನ್ನ ಇಡೋದು ಪದ್ಧತಿ, ಇಲ್ಲ ಅನ್ನಲ್ಲ. ಈ ಪರದೇಶದಲ್ಲಿ ಬಾಳೆಎಲೆಗೆ ಅಂತ ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಗೆ ಹೋದೋನು ಆ ಬಾಟ್ಲೀನೂ ತಂದಿದಾನೆ. ಮೈ ಉರಿದುಹೋಯ್ತು ನನಗೆ.

ನಿಮ್ಮಪ್ಪ ಚಿಕ್ಕೋನು, ನಾವಾಗ ಮಂಡ್ಯದಲ್ಲಿದ್ವಿ. ನಿಮ್ಮ ತಾತ ಲಾರಿ ಮೆಕ್ಯಾನಿಕ್. ಒಳ್ಳೇ ಕೈ ಕಣೇ, ಇಂಜಿನ್ ಸದ್ದು ಕೇಳೇ ಏನು ಕೆಟ್ಟಿದೆ ಅಂತ ಹೇಳೋರು, ಅದನ್ನ ಯಾಕೆ ಸುಳ್ಳು ಹೇಳ್ಲಿ. ಆದ್ರೆ ಸಾರಾಯಿ ಪ್ಯಾಕೆಟ್ಟು ಶುರುವಾಯ್ತು ನೋಡು, ಮನೇಲಿದ್ದ ಒಂದೊಂದೇ ಸಾಮಾನು ಹೋಯ್ತು. ಒಂದು ಮಧ್ಯಾಹ್ನ ಬಂದ್ರು. "ಆ ಪಾತ್ರೆ ಕೊಡೇ." "ಅನ್ನ ಇದೆ ಕಣ್ರೀ ಅದರಲ್ಲಿ." ಅಷ್ಟೇ ನಾನಂದಿದ್ದು. ಕಪಾಳಕ್ಕೊಂದು ಬಿಟ್ಟು, ಬಿಸಿ ಅನ್ನಾನ ನೆಲಕ್ಕೆ ಸುರಿದು, ನಮ್ಮವ್ವ ಕೊಟ್ಟ ಹಿತ್ತಾಳೆ ಪಾತ್ರೆ ತಗೊಂಡು ಹೋದ್ರು. ನಿಮ್ಮಪ್ಪ ಒಂದನೇ ಕ್ಲಾಸು, ಅಲ್ಲ, ಎರಡನೇದು. ಸ್ಕೂಲಿಂದ ಬಂದು ನೆಲದ ಮೇಲಿಂದ ಎತ್ಕೊಂಡು ತಿಂದ. "ಯಾರಮ್ಮ ಚೆಲ್ಲಿದ್ದು?" ಅಂದ. ನಾನೇನಂದೆ ಗೊತ್ತಾ? ಬೆಕ್ಕು ಅಂದೆ!

ಅದೇ ವಾರ ನಮ್ಮ ಬೀದಿ ಹೆಂಗಸರೆಲ್ಲ ಪೊರಕೆ ಹಿಡ್ಕೊಂಡು ಸಾರಾಯಿ ಅಂಗಡಿ ಮುಂದೆ ಕೂತ್ರು, ಮುಚ್ಚಿಸ್ಬೇಕು ಅಂತ. ಪಕ್ಕದ ಮನೆ ಸಾಕಮ್ಮ ಬಾಗಿಲು ಬಡಿದು ಕರೆದ್ಲು, "ಬಾರೇ ಜಯಾ." ಊದಿದ ಕೆನ್ನೆಗೆ ಸೆರಗು ಅಡ್ಡ ಹಿಡ್ಕೊಂಡು ಹೇಳ್ದೆ, "ನಮ್ಮನೇಲಿ ಅಂಥದ್ದೇನಿಲ್ಲ ಕಣಕ್ಕ." ಮರ್ಯಾದೆ ಅಂತೆ ಮರ್ಯಾದೆ! ಆಮೇಲೆ ನಿಮ್ಮ ತಾತ ಕುಡಿದು ಕುಡಿದು ಲಿವರ್ ಹೋಗಿ ಸತ್ರು, ಆವಾಗ್ಲೂ ಹಾರ್ಟ್ ಅಟ್ಯಾಕ್ ಅಂತ ನಾನೇ ಊರಿಗೆಲ್ಲ ಹೇಳ್ದೆ.

ಏನಂದೆ? "ಬಟ್ ಅಜ್ಜಿ, ಬ್ಯಾನ್ ಫೇಲ್ ಆಯ್ತು" ಅಂತೀಯಾ? ಗೊತ್ತಮ್ಮ. ಅಂಗಡಿ ಮುಚ್ಚಿದ್ರೆ ಹಿತ್ತಲಲ್ಲಿ ಮಾರ್ತಾರೆ, ನಮ್ಮ ಬೀದೀಲೂ ಮಾರಿದ್ರು. ಆದ್ರೆ ನಿಮ್ಮ ಟೀಚರ್ ಕೇಳಿರೋದು ಯಾಕೆ ಬಂದ್ ಮಾಡಿದ್ರು ಅಂತ ತಾನೇ? ಹೆಂಗಸರ ಲೈನು ಮೇಲೆ ಹಾಕು. ಅವರ ಮನೇಲೂ ಯಾರೋ ಅನ್ನ ಚೆಲ್ಲಿರ್ತಾರೆ.

ಏನೋ ಮಗನೇ, ಬಾಗಿಲಲ್ಲಿ ಯಾವಾಗಿಂದ ನಿಂತಿದೀಯ? ಕೇಳಿಸ್ಕೊಂಡ್ಯಾ? ಬೆಕ್ಕಲ್ಲ ಕಣೋ ಅವತ್ತು. ನಮ್ಮನೇಲಿ ಬೆಕ್ಕೇ ಇರ್ಲಿಲ್ಲ. ಅಳಬೇಡ, ತಪ್ಪು ನಂದು. ಹೋಗು, ಆ ಬಾಟ್ಲಿ ತೆಗೆದು ಒಂದು ಹಿಡಿ ಬಿಸಿ ಅನ್ನ ಇಡು, ಅವರು ಚೆಲ್ಲಿದ್ದು ಅದನ್ನೇ. ಸತ್ತೋರ ಮಾನ ಉಳಿಸೋಕೆ ಅಂತ ಮಕ್ಕಳಿಗೆ ಸುಳ್ಳು ಹೇಳ್ಬೇಡಿ ಕಣ್ರೋ. ಏಳಿ, ಎಲೆ ಒಣಗ್ತಿದೆ.