ನೋರಾ ತಿನ್ನೋ ಬೀನ್ಸು

ಅಯ್ಯೋ, ಇದಲ್ಲ ಕಣಪ್ಪ ಅಶ್ವತ್ಥ! ಇದು ರಾಜ್ಮಾ. ನಾನು ಕೇಳಿದ್ದು ಡಬ್ಬೀದು... ಸಣ್ಣ ಕಾಳು, ಟೊಮೇಟೊ ರಸದಲ್ಲಿ ಬೇಯಿಸಿ ತಗಡಿನ ಡಬ್ಬೀಲಿ ತುಂಬಿರ್ತಾರೆ. ಇಂಗ್ಲೆಂಡ್‌ನೋರು ಬೆಳಿಗ್ಗೆ ಎದ್ದು ಬ್ರೆಡ್ ಜೊತೆ ತಿಂತಾರಂತಲ್ಲ, ಅದು.

ಯಾಕೋ ನಗ್ತೀಯ? ಕಾಳು ತಾನೇ, ನೀವೇ ಮಾಡ್ಕೊಡಿ ಅಂತೀಯಾ? ಮಾಡ್ದೆ ಕಣೋ! ಅವರೆಕಾಳು ಬೇಯಿಸಿ, ಸಾಸ್ ಸುರಿದು, ಸಕ್ಕರೆ ಹಾಕಿ... ಒಂದು ಚಮಚ ಬಾಯಿಗಿಟ್ಕೊಂಡ್ಲು. ಉಗುಳಲಿಲ್ಲ, ಪಾಪ, ಒಳ್ಳೆ ಮಗು. ನುಂಗಲೂ ಇಲ್ಲ. ಬಾಯಲ್ಲೇ ಇಟ್ಕೊಂಡು ನನ್ನ ಮುಖ ನೋಡ್ತಾ ಕೂತಿದ್ಲು.

ಯಾರಾ? ಮೊಮ್ಮಗಳು ಕಣಪ್ಪ, ನೋರಾ. ನಿನ್ನ ಜೊತೇಲಿ ಓದ್ತಿದ್ಲಲ್ಲ, ಅದೇ ನಮ್ಮ ಲೋಹಿತಾ, ಅವಳ ಮಗಳು. ಆರು ವರ್ಷ. ಲೋಹಿತಾ ಇಂಗ್ಲೆಂಡಲ್ಲೇ ಆಸ್ಪತ್ರೇಲಿ ನರ್ಸಾಗಿ, ಆ ಊರಿನೋನನ್ನೇ ಮದುವೆಯಾಗಿ... ಹೂಂ. ಈಗ ಬಂದ್ಬುಟ್ಟವಳೆ. ಅಳಿಯ ಹೋಗ್ಬುಟ್ನಲ್ಲ... ನಿಂಗೆ ಗೊತ್ತಿರಲಿಲ್ವೇ? ಹಾರ್ಟ್ ಅಟ್ಯಾಕು. ನಿಂತಂಗೇ ಬಿದ್ದೋದ್ನಂತೆ. ಬುಡಪ್ಪ, ಬುಡು... ಕಣ್ಣಲ್ಲಿ ನೀರು ತಂದ್ಕೋಬೇಡ. ನಮ್ಮ ಹಣೇಬರಹ.

ಎಲ್ಲೆಲ್ಲಿ ಹುಡುಕಿದೀನಿ ಗೊತ್ತೇನೋ? ಶಿರಾದಲ್ಲಿ ಬೇಕರಿ ಸಾಬರು "ಫಿಕರ್ ಮಾಡ್ಬೇಡಿ ಅಮ್ಮಾ" ಅಂತ ತರಿಸಿಕೊಟ್ರು, ನೋಡಿದ್ರೆ ಬರೀ ಕೆಚಪ್ ಬಾಟ್ಲು! ವಳ್ಳೂರಿನ ಸೋಲಾರ್ ಪಾರ್ಕಿಗೆ ಫಾರಿನ್ ಇಂಜಿನಿಯರ್‌ಗಳು ಬರ್ತಿದ್ರಂತೆ, ಅವರ ತಿಂಡಿ ಸಾಮಾನು ಏನಾರ ಸಿಕ್ಕೀತು ಅಂತ ಪಾವಗಡದ ಬಸ್ ಹತ್ಕೊಂಡು ಅಲ್ಲಿಗೂ ಹೋದೆ... ನಗಬೇಡ! ಅಲ್ಲಿ ಟೀ ಮಾರೋನು, "ಲೇದಮ್ಮಾ, ವಾಳ್ಳು ಎಪ್ಪುಡೋ ವೆಳ್ಳಿಪೋಯಾರು" ಅಂದ. ಎಲ್ಲಾ ಹೊರಟೋಗವ್ರಂತೆ. ಸುಡೋ ಬಿಸಿಲಲ್ಲಿ ಆ ಗಾಜಿನ ಹಲಗೆಗಳ ಮುಂದೆ ನಿಂತ್ಕೊಂಡು ಅತ್ತುಬುಟ್ಟೆ ಕಣೋ.

ಆ ಮಗು ಮೈ ನೋಡ್ಬೇಕು ನೀನು. ಫ್ರಾಕ್ ಬಿಚ್ಚಿದ್ರೆ ಪಕ್ಕೆ ಮೂಳೆ ಎಣಿಸಬಹುದು. ಮುದ್ದೆ ಬೇಡ, ಇಡ್ಲಿ ಬೇಡ, ಚಾಕೊಲೇಟೂ ಬೇಡ. ಎರಡು ಗುಟುಕು ಹಾಲು, ಅಷ್ಟೇ. ಹಿಂಗೇ ಆದ್ರೆ ತುಮಕೂರಿಗೆ ಕರ್ಕೊಂಡು ಹೋಗಿ ಅಡ್ಮಿಟ್ ಮಾಡಿ ಅಂದವ್ರೆ ಡಾಕ್ಟ್ರು...

ಏನು? ಒಳಗೈತಾ? ಬೆಂಗಳೂರಿಂದ ಬಂದ ಮಾಲಲ್ಲಾ? ನೋಡಪ್ಪ, ನೋಡು, ನಿಂಗೆ ಪುಣ್ಯ ಬರ್ಲಿ...

ಅಯ್ಯೋ ಶಿವನೇ! ಇದೇ! ಇದೇ ಕಣೋ! ಆಹಾ, ಚಿತ್ರಾನೂ ಐತಲ್ಲ! ಅಶ್ವತ್ಥ, ನಿನ್ನ ಹೊಟ್ಟೆ ತಣ್ಣಗಿರ್ಲಿ. ಈಗ್ಲೇ ಹೋಗಿ ಬಿಸಿ ಮಾಡ್ತೀನಿ. ಕುದಿಸಬಾರದು, ಬರೀ ಬೆಚ್ಚಗೆ. ಬ್ರೆಡ್ಡು ಮೂಲೆಯಿಂದ ಮೂಲೆಗೆ ಕತ್ತರಿಸಬೇಕು. ಬೀನ್ಸಿನ ರಸ ಬ್ರೆಡ್ಡಿಗೆ ತಗಲಬಾರದು, ತಗಲಿದ್ರೆ ಮುಟ್ಟಲ್ವಂತೆ! ಮೊನ್ನೆ ಫೋನಲ್ಲಿ ಅಳಿಯ ತನ್ನ ಮುರುಕು ಕನ್ನಡದಲ್ಲಿ ಹೆಂಗೆ ಬಿಡಿಸಿ ಹೇಳಿದ ಗೊತ್ತಾ... "ಅಮ್ಮಾ, ಬ್ರೆಡ್ ಬೇರೆ, ಬೀನ್ಸ್ ಬೇರೆ" ಅಂತ...

...

ಯಾಕೋ? ಯಾಕೆ ಹಂಗೆ ನಿಂತ್ಬುಟ್ಟೆ?

ಅಳಿಯ ಅಂದ್ನಾ? ಅಂದೆನಾ ನಾನು? ಅದು... ಅಳಿಯನ ಅಣ್ಣ. ಅವನೂ ಅಳಿಯನೇ ಅಲ್ವೇನಪ್ಪ, ವರಸೇಲಿ... ಅವನ ಅಣ್ಣ ಫೋನ್ ಮಾಡಿದ್ದ.

ಅಶ್ವತ್ಥ... ಹಂಗೆ ನೋಡ್ಬೇಡ.

ಏನಾರ ಕೇಳಪ್ಪ. ಹೊಡೀತಿದ್ನಾ ಅಂತ ಕೇಳು. ಇಲ್ಲ. ಕುಡೀತಿದ್ನಾ... ಅದೂ ಇಲ್ಲ. ಇಬ್ರಿಗೂ ಹೊಂದಲಿಲ್ಲ. ಅಲ್ಲಿ ಕೋರ್ಟಿಗೆ ಹೋದ್ರೆ ಮಗು ಎಲ್ಲಿ ಅವನ ಪಾಲಾಗ್ತದೋ ಅಂತ ಹೆದರ್ಕೊಂಡು, ರಜಕ್ಕೆ ಅಂತ ಹೇಳಿ ಕರ್ಕೊಂಡು ಬಂದ್ಬುಟ್ಲು. ವಾಪಸ್ ಹೋಗಲಿಲ್ಲ. ಮನೆ ಬದಲಾಯಿಸಿದ್ವಿ. ಫೋನ್ ಮಾಡ್ದಾಗೆಲ್ಲ ಮಗು ಮಲಗೈತೆ ಅಂತೀವಿ. ಊಟ ಬುಟ್ಟವಳೆ ಅಂತ ಬಾಯಿ ತಪ್ಪಿ ಹೇಳಿದ್ದಕ್ಕೆ, "ಡಬ್ಬಿ ನಾನೇ ಕಳಿಸ್ತೀನಿ, ಅಡ್ರೆಸ್ ಕೊಡಿ ಅಮ್ಮಾ" ಅಂತ ಬೇಡ್ಕೊಂಡ. ಕೊಡಲಿಲ್ಲ. ಕೊಟ್ರೆ ಬಂದ್ಬುಡ್ತಾನಲ್ಲ! ಅದಕ್ಕೇ ಕಣೋ, ಅದಕ್ಕೇ ನಾನು ಹಿಂಗೆ ಊರೂರು ಅಲೀತಿರೋದು...

ಸತ್ತ ಅಂತ ಯಾಕೆ ಅಂದ್ರಿ ಅಂತೀಯಾ?

ಬೀದಿಯೋರಿಗೆ ಏನಂತ ಹೇಳ್ಲಿ? ಗಂಡನ್ನ ಬುಟ್ಟು ಬಂದವಳೆ ಅಂತಲಾ? ಸತ್ತ ಅಂದ್ರೆ ಯಾರೂ ಕೆದಕಲ್ಲ. ನೋಡು, ನೀನೂ ಕೆದಕಲಿಲ್ಲ.

ಮಗೂಗೆ ಏನು ಹೇಳಿದ್ರಿ ಅಂತೀಯಾ?

ಡ್ಯಾಡಿ ಯಾವಾಗ ಬರ್ತಾರೆ ಅಂತ ದಿನಾ ಪ್ರಾಣ ತಿನ್ನೋಳು. ಒಂದಿನ ನಾನೇ... ಲೋಹಿತಾ ಅಲ್ಲ, ಲೋಹಿತಾ ಡ್ಯೂಟಿಗೆ ಹೋಗಿದ್ಲು, ನಾನೇ... ಡ್ಯಾಡಿ ಇಲ್ಲ ಕಂದ, ದೇವರ ಹತ್ರ ಹೋಗ್ಬುಟ್ಟ ಅಂತ ಮೇಲೆ ಕೈ ತೋರಿಸ್ಬುಟ್ಟೆ. ಅತ್ತು ಮರೀತಾಳೆ ಅಂದ್ಕೊಂಡೆ. ಅಳಲೇ ಇಲ್ಲ ಕಣೋ. ಅವತ್ತಿಂದ ತಟ್ಟೆ ಮುಟ್ಟಿಲ್ಲ.

ಇದು ತಿಂದ್ರೆ ಸರಿಹೋಗ್ತಾಳೆ. ಹೋಗ್ತಾಳಲ್ವೇನಪ್ಪ? ಆಮೇಲೆ ಹೇಳ್ತೀವಿ, ನಿಧಾನಕ್ಕೆ... ಏನಂತ ಹೇಳ್ಲಿ? ಸತ್ತೋನು ಎದ್ದು ಬಂದ ಅಂತಲಾ?

ಬೈಯೋ. ಬೈದಾದ್ರೂ ಬುಡೋ, ಅಶ್ವತ್ಥ.

ಡಬ್ಬಿ ಮೇಲಿಂದ ಕೈ ತೆಗಿಯಪ್ಪ.

ಯಾಕೋ... ಯಾಕೆ ತೆಗೀತಿಲ್ಲ?